ಬಾಯಿ ಕ್ಯಾನ್ಸರ್ ಅಧ್ಯಯನಕ್ಕೆ ಮೈಕ್ರೋಅರೇ ಆರಿಸಿ, ಹದಗೊಳಿಸಿದ ಬಗೆ

ಒಳಕೆನ್ನೆ ಮತ್ತು ವಸಡಿನ ಕ್ಯಾನ್ಸರ್ ನಮ್ಮ ನಾಡಿನಲ್ಲಿ ಅಪರೂಪದ ಕಾಯಿಲೆಯಲ್ಲ. ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪನ್ನು ಸೇರಿಸಿ ಜಗಿದು, ಅದನ್ನು ದವಡೆ ಮತ್ತು ಕೆನ್ನೆಯ ನಡುವಿನ ಸಂದಿನಲ್ಲಿ ಗಂಟೆಗಟ್ಟಲೆ ಇಟ್ಟುಕೊಳ್ಳುವವರಲ್ಲಿ ಗೆಡ್ಡೆ ಅದೇ ಜಾಗದಲ್ಲಿ ಹುಟ್ಟುವುದನ್ನು ತಲೆ-ಕುತ್ತಿಗೆಯ ಶಸ್ತ್ರವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಹೇಳಿತು. ಬೆಂಗಳೂರಿನ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ 2010ರ ಆಸುಪಾಸಿನಲ್ಲಿ ನಾವು ಕೈಗೆತ್ತಿಕೊಂಡ ಅಧ್ಯಯನದ ಪ್ರಶ್ನೆ ಹೇಳುವುದಕ್ಕೆ ಸರಳವಾಗಿತ್ತು: ಒಬ್ಬನೇ ರೋಗಿಯ ಬಾಯಿಯಲ್ಲಿ, ಗೆಡ್ಡೆಯಿರುವ ಜಾಗದಲ್ಲಿ ಯಾವ ಜೀನುಗಳ ಚಟುವಟಿಕೆ ಏರಿದೆ, ಯಾವುದರದ್ದು ಇಳಿದಿದೆ, ಮತ್ತು ಅದೇ ಬಾಯಿಯ ಗೆಡ್ಡೆಯಿಲ್ಲದ ಒಳಪೊರೆಗೆ ಹೋಲಿಸಿದರೆ ಆ ವ್ಯತ್ಯಾಸ ಎಷ್ಟು ದೊಡ್ಡದು. ಆ ಪ್ರಶ್ನೆಗೆ ತಕ್ಕ ಮೈಕ್ರೋಅರೇಯನ್ನು ಆರಿಸುವುದು, ಆರಿಸಿದ್ದನ್ನು ನಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳುವುದು ಹೇಗೆ ನಡೆಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ಕೈ ಹಾಕುವ ಕಿರಿಯರು ಕನ್ನಡದಲ್ಲಿ ಓದಲು ಹೆಚ್ಚೇನೂ ಸಿಗುತ್ತಿಲ್ಲ ಎನ್ನುವುದೂ ಬರೆಯಲು ಒಂದು ಕಾರಣ.

ಮೈಕ್ರೋಅರೇ ಎಂದರೆ ಗಾಜಿನ ಅಥವಾ ಸಿಲಿಕಾದ ಚಿಕ್ಕ ಹಾಳೆಯ ಮೇಲೆ ಸಾವಿರಾರು ಚುಕ್ಕೆಗಳಾಗಿ ಕೂರಿಸಿದ ಡಿಎನ್‌ಎ ತುಣುಕುಗಳು. ಪ್ರತಿಯೊಂದು ಚುಕ್ಕೆಯಲ್ಲಿ ಒಂದು ಜೀನಿಗೆ ಹೊಂದುವ ತುಣುಕಿನ ಲಕ್ಷಾಂತರ ಪ್ರತಿಗಳಿರುತ್ತವೆ. ಅವನ್ನೇ ಪ್ರೋಬ್ ಎನ್ನುತ್ತೇವೆ, ಇಡೀ ಹಾಳೆಯನ್ನು ಚಿಪ್ಪು ಎನ್ನುತ್ತೇವೆ. ಜೀನು ಚುರುಕಾಗಿದ್ದಷ್ಟೂ ಅದರ ಆರ್‌ಎನ್‌ಎ ಅಂಗಾಂಶದಲ್ಲಿ ಹೆಚ್ಚಿರುತ್ತದೆ. ಅಂಗಾಂಶದಿಂದ ತೆಗೆದ ಆರ್‌ಎನ್‌ಎಯ ಪ್ರತಿ ಮಾಡಿ, ಅದಕ್ಕೆ ಹೊಳೆಯುವ ಬಣ್ಣ ಸೇರಿಸಿ, ಹಾಳೆಯ ಮೇಲೆ ಹರಡಿದರೆ, ಪ್ರತಿಯೊಂದು ಎಳೆಯೂ ತನ್ನ ಜೋಡಿಯನ್ನು ಹುಡುಕಿಕೊಂಡು ಅಂಟಿಕೊಳ್ಳುತ್ತದೆ. ಆಮೇಲೆ ಲೇಸರ್ ಹಾಯಿಸಿ ಚುಕ್ಕೆಗಳ ಹೊಳಪನ್ನು ಅಳೆಯುತ್ತೇವೆ. ಈ ಹೊಳಪು ಆರ್‌ಎನ್‌ಎಯ ಪ್ರಮಾಣವನ್ನು ನೇರವಾಗಿ ಹೇಳುವುದಿಲ್ಲ, ಏಕೆಂದರೆ ಒಂದು ಪ್ರೋಬ್ ತನ್ನ ಜೋಡಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಇನ್ನೊಂದು ಸಡಿಲವಾಗಿ ಹಿಡಿಯುತ್ತದೆ. ಹಾಗಾಗಿ ಒಂದೇ ಚಿಪ್ಪಿನ ಎರಡು ಜೀನುಗಳನ್ನು ಪರಸ್ಪರ ಹೋಲಿಸುವುದರಲ್ಲಿ ಅರ್ಥವಿಲ್ಲ. ಒಂದೇ ಪ್ರೋಬ್ ಎರಡು ಮಾದರಿಗಳಲ್ಲಿ ತೋರಿದ ಹೊಳಪನ್ನು ಹೋಲಿಸಿದರೆ ಮಾತ್ರ ಉತ್ತರ ಸಿಗುತ್ತದೆ. ನಮ್ಮ ಎಲ್ಲ ನಿರ್ಧಾರಗಳೂ ಇದರ ಸುತ್ತಲೇ ತಿರುಗಿದವು. ಯಂತ್ರವಾಗಲಿ, ರಾಸಾಯನಿಕವಾಗಲಿ, ಲೆಕ್ಕಾಚಾರವಾಗಲಿ, ಯಾವುದನ್ನು ಆರಿಸುವಾಗಲೂ ನಾವು ಕೇಳಿಕೊಂಡದ್ದು ಒಂದೇ: ಗೆಡ್ಡೆ ಮತ್ತು ಅದರ ಜೋಡಿ ಅಂಗಾಂಶದ, ಅಂದರೆ ಅದೇ ಬಾಯಿಯ ಗೆಡ್ಡೆಯಿಲ್ಲದ ಒಳಪೊರೆಯ, ಹೋಲಿಕೆ ಇದರಿಂದ ನ್ಯಾಯವಾಗಿ ಉಳಿಯುತ್ತದೆಯೇ?

ಆಗ ನಮ್ಮ ಮುಂದೆ ನಾಲ್ಕು ದಾರಿಗಳಿದ್ದವು. ಮೊದಲನೆಯದು ಚಿಪ್ಪನ್ನು ನಾವೇ ಅಚ್ಚು ಹಾಕಿಕೊಳ್ಳುವುದು. 1995ರಲ್ಲಿ ಸ್ಟ್ಯಾನ್‌ಫರ್ಡ್‌ನ ಪ್ಯಾಟ್ರಿಕ್ ಬ್ರೌನ್ ಮತ್ತು ಸಂಗಡಿಗರು ಅರಬಿಡಾಪ್ಸಿಸ್ ಗಿಡದ 45 ಜೀನುಗಳನ್ನು ಗಾಜಿನ ಮೇಲೆ ಮುದ್ರಿಸಿ ಈ ವಿಧಾನವನ್ನು ಜಗತ್ತಿಗೆ ತೋರಿಸಿದ್ದರು. ಮುದ್ರಿಸುವ ರೋಬೋಟನ್ನು ಕಟ್ಟಿಕೊಳ್ಳುವ ಕ್ರಮವನ್ನೂ ಎಲ್ಲರಿಗೂ ತೆರೆದಿಟ್ಟಿದ್ದರು. ಆ ಉದಾರತೆಯಿಂದ ಎಷ್ಟೋ ಬಡ ಪ್ರಯೋಗಾಲಯಗಳಿಗೆ ಈ ವಿದ್ಯೆ ಸಿಕ್ಕಿತು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ ಸೂಜಿಯಿಂದ ಮುದ್ರಿಸಿದ ಚುಕ್ಕೆಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ, ಒಂದು ಸೂಜಿ ಸವೆದರೆ ಆ ಸೂಜಿ ಮುದ್ರಿಸಿದ ಇಡೀ ಪ್ರದೇಶವೇ ಬೇರೆಯಾಗಿ ಕಾಣುತ್ತದೆ, ಮತ್ತು ಮುದ್ರಣಕ್ಕೆ ಬೇಕಾದ ಸಾವಿರಾರು ಡಿಎನ್‌ಎ ಕ್ಲೋನ್‌ಗಳ (ಪ್ರತಿಗಳ) ದಾಸ್ತಾನಿನಲ್ಲಿ ಯಾವುದು ಯಾವುದೆಂಬ ಗುರುತು ತಪ್ಪುವ ಸಾಧ್ಯತೆ ಯಾವಾಗಲೂ ಇರುತ್ತದೆ. ರೋಗಿಗಳಿಂದ ಮತ್ತೊಮ್ಮೆ ಪಡೆಯಲಾಗದ ಅಂಗಾಂಶವನ್ನು ಅಂಥ ಚಿಪ್ಪಿನ ಮೇಲೆ ಹಾಕಲು ಮನಸ್ಸು ಒಪ್ಪಲಿಲ್ಲ.

ಉಳಿದ ಮೂರು ಮಾರುಕಟ್ಟೆಯ ಚಿಪ್ಪುಗಳು. ಆಫಿಮೆಟ್ರಿಕ್ಸ್‌ನದು ಬೆಳಕನ್ನು ಬಳಸಿ ಚಿಪ್ಪಿನ ಮೇಲೆಯೇ ಕಟ್ಟಿದ 25 ಅಕ್ಷರಗಳ (ಅಕ್ಷರಗಳೆಂದರೆ ಡಿಎನ್‌ಎಯ ಘಟಕಗಳಾದ ಎ, ಟಿ, ಜಿ, ಸಿ) ಪ್ರೋಬ್. ಅವರ ಯು133 ಪ್ಲಸ್ 2.0 ಚಿಪ್ಪಿನಲ್ಲಿ ಇಂಥ ಪ್ರೋಬ್‌ಗಳ ಗುಂಪುಗಳು 54,000ಕ್ಕೂ ಹೆಚ್ಚಿದ್ದವು. ಇಲ್ಯುಮಿನಾದ್ದು ಸೂಕ್ಷ್ಮ ಮಣಿಗಳಿಗೆ ಅಂಟಿಸಿದ 50 ಅಕ್ಷರಗಳ ಪ್ರೋಬ್. ಅಜಿಲೆಂಟ್‌ನದು ಇಂಕ್‌ಜೆಟ್ ಮುದ್ರಣದ ತತ್ತ್ವದಲ್ಲಿ ಗಾಜಿನ ಮೇಲೆ ಒಂದೊಂದೇ ಅಕ್ಷರವಾಗಿ ಕಟ್ಟಿದ 60 ಅಕ್ಷರಗಳ ಪ್ರೋಬ್. ಆಫಿಮೆಟ್ರಿಕ್ಸ್‌ನ ಹಳೆಯ ಮಾಹಿತಿ ಸಾರ್ವಜನಿಕ ಭಂಡಾರಗಳಲ್ಲಿ ಹೇರಳವಾಗಿತ್ತು. ಹೊರಗಿನ ಅಧ್ಯಯನಗಳ ಜೊತೆ ನಮ್ಮದನ್ನು ಇಟ್ಟು ನೋಡಲು ಅದಕ್ಕಿಂತ ಅನುಕೂಲವಾದದ್ದು ಬೇರೆ ಇರಲಿಲ್ಲ. ಹಾಗಿದ್ದೂ ನಾವು 60 ಅಕ್ಷರಗಳ ಕಡೆಗೆ ವಾಲಿದ್ದಕ್ಕೆ ಎರಡು ಕಾರಣಗಳಿದ್ದವು. 25 ಅಕ್ಷರಗಳ ಪ್ರೋಬ್ ನಡುವೆ ಒಂದು ಅಕ್ಷರ ಬದಲಾದರೂ ಅಂಟು ಗಣನೀಯವಾಗಿ ಸಡಿಲಗೊಳ್ಳುತ್ತದೆ. ಚಿಪ್ಪಿನ ವಿನ್ಯಾಸಕ್ಕೆ ಆಧಾರವಾದ ಜೀನ್ ಪಾಠದಲ್ಲಿ ಇಲ್ಲದ ರೂಪಾಂತರಗಳು ನಮ್ಮ ಜನರಲ್ಲಿ ಇರುವುದು ಸಹಜ. ಅಂಥದ್ದೊಂದು ಪ್ರೋಬ್‌ನ ಅಡಿಯಲ್ಲಿ ಬಿದ್ದರೆ, ಜೀನಿನ ಚಟುವಟಿಕೆ ಇಳಿಯದಿದ್ದರೂ ಇಳಿದಂತೆ ತೋರುತ್ತದೆ. ಜೋಡಿ ಮಾದರಿಗಳಲ್ಲಿ ಈ ದೋಷ ಎರಡೂ ಬದಿಗೆ ಸಮನಾಗಿ ತಟ್ಟುತ್ತದೆ, ನಿಜ. ಆದರೆ ರೋಗಿಯಿಂದ ರೋಗಿಗೆ ಹೋಲಿಸುವಾಗ ತಟ್ಟದೆ ಇರದು. 60 ಅಕ್ಷರಗಳ ಪ್ರೋಬ್ ಇಂಥ ಒಂದೆರಡು ಅಕ್ಷರಗಳ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಎರಡನೆಯ ಕಾರಣ, ಬೇಕಾದ ಪ್ರೋಬ್‌ಗಳನ್ನು ಸೇರಿಸಿ ನಮ್ಮದೇ ಚಿಪ್ಪನ್ನು ಕಡಿಮೆ ಸಂಖ್ಯೆಯಲ್ಲಿಯೂ ಮಾಡಿಸಿಕೊಳ್ಳುವ ಅವಕಾಶ ಇಂಕ್‌ಜೆಟ್ ವಿಧಾನದಲ್ಲಿತ್ತು. ಅದರ ಅಗತ್ಯ ಮುಂದೆ ಬಿದ್ದೇ ಬಿತ್ತು.

ಯಾವ ಚಿಪ್ಪನ್ನು ಆರಿಸಿದರೂ ಫಲಿತಾಂಶ ನಂಬಬಹುದೇ ಎಂಬ ಅನುಮಾನ ಆಗ ಇನ್ನೂ ಜೀವಂತವಾಗಿತ್ತು. 2003ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಒಂದೇ ಆರ್‌ಎನ್‌ಎಯನ್ನು ಮೂರು ಕಂಪನಿಗಳ ಚಿಪ್ಪುಗಳ ಮೇಲೆ ಹಾಕಿದಾಗ ಮೂರೂ ಒಪ್ಪಿದ ಜೀನುಗಳು ಬೆರಳೆಣಿಕೆಯಷ್ಟೇ ಇದ್ದವು. ಆ ಆತಂಕಕ್ಕೆ ಉತ್ತರವಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನೇತೃತ್ವದಲ್ಲಿ ಹಲವು ಪ್ರಯೋಗಾಲಯಗಳು ಸೇರಿ ನಡೆಸಿದ, ಮ್ಯಾಕ್ ಎಂಬ ಸಂಕ್ಷಿಪ್ತ ಹೆಸರಿನ ಅಧ್ಯಯನ 2006ರಲ್ಲಿ ಹೊರಬಂತು. ಎರಡು ಪ್ರಮಾಣಿತ ಆರ್‌ಎನ್‌ಎಗಳನ್ನು ಬೇರೆ ಬೇರೆ ಕಡೆ, ಬೇರೆ ಬೇರೆ ಚಿಪ್ಪುಗಳ ಮೇಲೆ ಹಾಕಿ ನೋಡಿದ ಅವರು, ಕೆಲಸ ಶಿಸ್ತಿನಿಂದ ನಡೆದರೆ ಚಿಪ್ಪುಗಳು ಪರಸ್ಪರ ಚೆನ್ನಾಗಿಯೇ ಒಪ್ಪುತ್ತವೆ, ಅದರಲ್ಲೂ ಜೀನುಗಳನ್ನು, ವ್ಯತ್ಯಾಸ ಆಕಸ್ಮಿಕವಿರಬಹುದೇ ಎಂದು ಹೇಳುವ ಸಂಭವನೀಯತೆಯ ಅಂಕಿಯಿಂದಷ್ಟೇ ಆರಿಸದೆ ಏರಿಳಿತದ ಪ್ರಮಾಣದ ಮೇಲೆ ಶ್ರೇಣಿ ಮಾಡಿದರೆ ಒಪ್ಪಿಗೆ ಹೆಚ್ಚುತ್ತದೆ ಎಂದು ತೋರಿಸಿದರು. ಆ ಲೇಖನಗಳನ್ನು ನಮ್ಮ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ಓದಿದೆವು. ಒಂದು ಕಂಪನಿಯ ಚಿಪ್ಪಿನಿಂದ ಇನ್ನೊಂದಕ್ಕೆ ಬರುವ ವ್ಯತ್ಯಾಸಕ್ಕಿಂತ, ಮಾದರಿಯನ್ನು ಹಿಡಿದು, ಕಾಪಾಡಿ, ಬಣ್ಣ ಹಚ್ಚುವ ಕೈಗಳಿಂದ ಬರುವ ವ್ಯತ್ಯಾಸವೇ ದೊಡ್ಡದಾಗಬಹುದು ಎಂಬುದು ನಮಗೆ ಅಲ್ಲಿ ಖಚಿತವಾಯಿತು.

ಒಂದು ಬಣ್ಣವೋ ಎರಡು ಬಣ್ಣವೋ ಎಂಬ ಪ್ರಶ್ನೆ ಬಗೆಹರಿಯಲು ಹೆಚ್ಚು ಕಾಲ ಹಿಡಿಯಿತು. ಜೋಡಿ ಅಂಗಾಂಶಗಳಿಗೆ ಎರಡು ಬಣ್ಣದ ವಿಧಾನ ಹೇಳಿ ಮಾಡಿಸಿದಂತೆ ಕಾಣುತ್ತದೆ: ಗೆಡ್ಡೆಯ ಆರ್‌ಎನ್‌ಎಗೆ ಕೆಂಪಿನ ಸೈ5, ಜೋಡಿ ಅಂಗಾಂಶಕ್ಕೆ ಹಸಿರಿನ ಸೈ3 ಹಚ್ಚಿ, ಎರಡನ್ನೂ ಒಂದೇ ಅರೇಯ ಮೇಲೆ ಹಾಕಿದರೆ, ಚುಕ್ಕೆ ಚಿಕ್ಕದಾಗಿರಲಿ ದೊಡ್ಡದಾಗಿರಲಿ, ಎರಡೂ ಮಾದರಿಗಳು ಅದೇ ಚುಕ್ಕೆಗೆ ಪೈಪೋಟಿ ನಡೆಸುತ್ತವೆ. ಆದರೆ ಎರಡು ಬಣ್ಣಗಳು ಎಲ್ಲ ಜೀನುಗಳಿಗೂ ಸಮನಾಗಿ ಹಚ್ಚಿಕೊಳ್ಳುವುದಿಲ್ಲ. ಅದಕ್ಕಾಗಿ ಬಣ್ಣಗಳನ್ನು ಅದಲುಬದಲು ಮಾಡಿ ಇನ್ನೊಂದು ಅರೇ ಹಾಕಬೇಕಾಗುತ್ತದೆ, ಅಂದರೆ ಖರ್ಚು ಎರಡರಷ್ಟಾಗುತ್ತದೆ. ಪ್ರಾಯೋಗಿಕ ಸುತ್ತಿನಲ್ಲಿ ನಾವು ಹೀಗೆ ಅದಲುಬದಲು ಮಾಡಿ ಹಾಕಿದ ಅರೇಗಳಲ್ಲಿ ವಿಚಿತ್ರವಾದ ಅಸಮತೋಲ ಕಂಡಿತು. ಬೆಳಗ್ಗೆ ತೊಳೆದ ಸ್ಲೈಡ್‌ಗಳು ಚೆನ್ನಾಗಿದ್ದವು. ಮಧ್ಯಾಹ್ನದ ಮೇಲೆ ತೊಳೆದವುಗಳಲ್ಲಿ, ಯಾವ ಮಾದರಿಗೆ ಕೆಂಪು ಹಚ್ಚಿದ್ದೆವೋ ಅದರ ಹೊಳಪೆಲ್ಲ ಕುಗ್ಗಿತ್ತು, ಸ್ಲೈಡ್‌ನ ಅಂಚುಗಳಲ್ಲಿ ಇನ್ನೂ ಹೆಚ್ಚು.

ಅದು ಬೇಸಿಗೆ. ಸೈ5 ಬಣ್ಣವನ್ನು ಗಾಳಿಯಲ್ಲಿರುವ ಓಜೋನ್ ಒಡೆದು ಹಾಕುತ್ತದೆ ಎಂಬುದು 2003ರಲ್ಲಿಯೇ ವರದಿಯಾಗಿತ್ತು. ಶತಕೋಟಿಗೆ ಐದರಿಂದ ಹತ್ತು ಭಾಗದಷ್ಟು ಓಜೋನ್ ಇದ್ದರೂ, ತೊಳೆದು ಒಣಗಿದ ಸ್ಲೈಡ್‌ನ ಮೇಲಿನ ಸೈ5 ಕೆಲವೇ ಸೆಕೆಂಡುಗಳಲ್ಲಿ ಮಾಸತೊಡಗುತ್ತದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲಮಟ್ಟದ ಓಜೋನ್ ಹುಟ್ಟುತ್ತದೆ, ಮಧ್ಯಾಹ್ನದ ಹೊತ್ತಿಗೆ ಏರುತ್ತದೆ. ದೊಡ್ಡ ನಗರದ ಬೇಸಿಗೆಯ ಗಾಳಿಯಲ್ಲಿ ಅದು ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಇದನ್ನು ತಡೆಯಲು ಮಾರ್ಗಗಳಿವೆ. ಇಂಗಾಲದ ಸೋಸುಕವಿರುವ ಕೋಣೆ ಕಟ್ಟಬಹುದು, ಸ್ಲೈಡ್‌ಗೆ ಓಜೋನ್ ತಡೆಯುವ ಹೊದಿಕೆ ಹಾಕಬಹುದು. ಸೋಸುಕದ ಪೆಟ್ಟಿಗೆಯೊಳಗೆ ತೊಳೆದು ನೋಡಿದಾಗ ಮಧ್ಯಾಹ್ನದ ಸ್ಲೈಡ್‌ಗಳೂ ಬೆಳಗಿನವುಗಳಂತೆಯೇ ಬಂದವು, ಆದ್ದರಿಂದ ಕಾರಣ ಓಜೋನೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆದರೂ ನಾವು ಒಂದು ಬಣ್ಣದ ವಿಧಾನವನ್ನೇ ಆರಿಸಿಕೊಂಡೆವು. ಅದರಲ್ಲಿ ಬಳಸುವ ಸೈ3 ಓಜೋನಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಮ್ಯಾಕ್ ಅಧ್ಯಯನದಲ್ಲಿ ಒಂದು ಬಣ್ಣ, ಎರಡು ಬಣ್ಣದ ವಿಧಾನಗಳೆರಡೂ ಹೆಚ್ಚುಕಡಿಮೆ ಸರಿಸಮವಾಗಿ ನಡೆದುಕೊಂಡಿದ್ದವು. ಮತ್ತು ಒಂದು ಬಣ್ಣದಲ್ಲಿ ಪ್ರತಿಯೊಂದು ಮಾದರಿಯೂ ಸ್ವತಂತ್ರವಾಗಿರುವುದರಿಂದ, ಮುಂದೆ ಹೊಸ ರೋಗಿಗಳು ಸೇರಿದಾಗ ಗೆಡ್ಡೆಯನ್ನು ಗೆಡ್ಡೆಯೊಂದಿಗೆ ಹೋಲಿಸಲೂ ತೊಡಕಿರುವುದಿಲ್ಲ.

ಎರಡು ಬಣ್ಣದ ವಿಧಾನ ತಾನಾಗಿಯೇ ಕೊಡುತ್ತಿದ್ದ ಸಮಾನತೆಯನ್ನು ಈಗ ನಾವೇ ವ್ಯವಸ್ಥೆ ಮಾಡಿ ತಂದುಕೊಳ್ಳಬೇಕಾಯಿತು. ನಾವು ಆರಿಸಿದ ಸ್ಲೈಡ್‌ನಲ್ಲಿ ಎರಡು ಸಾಲುಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಅರೇಗಳಿದ್ದವು, ಪ್ರತಿಯೊಂದರಲ್ಲಿ ಸುಮಾರು 60,000 ಪ್ರೋಬ್‌ಗಳು. ಒಬ್ಬ ರೋಗಿಯ ಎರಡೂ ಮಾದರಿಗಳು ಒಂದೇ ದಿನ, ಒಬ್ಬರದೇ ಕೈಯಲ್ಲಿ ಬಣ್ಣ ಹಚ್ಚಿಸಿಕೊಳ್ಳಬೇಕು, ಒಂದೇ ಸ್ಲೈಡ್‌ನ ಮೇಲೆ ಕೂರಬೇಕು ಎಂಬುದನ್ನು ಮುರಿಯಬಾರದ ನಿಯಮ ಮಾಡಿದೆವು. ಹೀಗೆ ಸ್ಲೈಡಿಗೆ ನಾಲ್ಕು ರೋಗಿಗಳಾದರು. ಗೆಡ್ಡೆ ಯಾವಾಗಲೂ ಮೇಲಿನ ಸಾಲಿನಲ್ಲೇ ಬಾರದಂತೆ, ಯಾವ ಮಾದರಿ ಯಾವ ಮನೆಗೆ ಎಂಬುದನ್ನು ಕಂಪ್ಯೂಟರಿನಿಂದ ಚೀಟಿ ಎತ್ತಿಸಿದೆವು. ಪ್ರತಿಯೊಂದು ತಂಡದ (ಒಟ್ಟಿಗೆ ಮಾಡಿದ ಸ್ಲೈಡ್‌ಗಳ ಗುಂಪಿನ) ಒಂದು ಸ್ಲೈಡ್‌ನಲ್ಲಿ ಒಬ್ಬ ರೋಗಿಯ ಜಾಗವನ್ನು ಬಿಟ್ಟು, ಆ ಎರಡು ಮನೆಗಳಲ್ಲಿ ಮ್ಯಾಕ್ ಅಧ್ಯಯನದವರು ಬಳಸಿದ್ದ ಪ್ರಮಾಣಿತ ಆರ್‌ಎನ್‌ಎಯನ್ನು ಕೂರಿಸಿದೆವು. ಅನುದಾನದ ಲೆಕ್ಕ ನೋಡುವವರಿಗೆ ಇದು ದುಂದುವೆಚ್ಚವಾಗಿ ಕಂಡಿತು. ಆದರೆ ಒಂದು ತಂಡಕ್ಕೂ ಇನ್ನೊಂದಕ್ಕೂ ಹೊಳಪು ಎಷ್ಟು ಜಾರಿದೆ ಎಂಬುದನ್ನು ರೋಗಿಗಳ ಮಾದರಿಯಿಂದ ತಿಳಿಯಲಾಗದು. ರೋಗಿಗಳು ಬೇರೆ ಬೇರೆಯಾದ್ದರಿಂದ ಮಾದರಿಗಳೂ ಬೇರೆ ಬೇರೆಯೇ. ಮಾದರಿ ಬದಲಾಗದೆ ಉಳಿದಾಗ ಮಾತ್ರ ತಂಡದ ಜಾರುವಿಕೆ ಕಣ್ಣಿಗೆ ಬೀಳುತ್ತದೆ. ಆ ಎರಡು ಮನೆಗಳಿಗಾಗಿ ನಾನು ವಾದಿಸಿದ್ದು ಇಂದಿಗೂ ಸರಿಯೆನಿಸುತ್ತದೆ.

ಸ್ಲೈಡಿಗಿಂತ ಮೊದಲು ಅಂಗಾಂಶ. ಇಲ್ಲಿ ಸುಧಾರಣೆಗೆ ಎಲ್ಲಕ್ಕಿಂತ ಹೆಚ್ಚು ಜಾಗವಿತ್ತು, ಮತ್ತು ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಶಸ್ತ್ರಚಿಕಿತ್ಸಾ ಕೊಠಡಿಯವರ ಸಹಕಾರ. ದೇಹದಿಂದ ಬೇರೆಯಾದ ಕ್ಷಣದಿಂದಲೇ ಆರ್‌ಎನ್‌ಎ ಕೆಡತೊಡಗುತ್ತದೆ. ಬಾಯಿಯ ಅಂಗಾಂಶದಲ್ಲಂತೂ ಜೊಲ್ಲಿನ ಕಿಣ್ವಗಳೂ ಸೇರಿರುತ್ತವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ರೋಗಿಯ ಶಸ್ತ್ರಚಿಕಿತ್ಸೆ ನಡೆಯುವಾಗ ನಮ್ಮವರೊಬ್ಬರು ಕೊಠಡಿಯ ಹೊರಗೆ ಆರ್‌ಎನ್‌ಎ ಕಾಪಾಡುವ ದ್ರಾವಣದ ಶೀಶೆ ಹಿಡಿದು ಕಾಯುತ್ತಿದ್ದರು. ಆ ದ್ರಾವಣ ದಪ್ಪ ತುಂಡಿನ ಒಳಗೆ ಇಳಿಯುವುದಿಲ್ಲ, ಆದ್ದರಿಂದ ತುಂಡು ಒಂದು ದಿಕ್ಕಿನಲ್ಲಾದರೂ ಅರ್ಧ ಸೆಂಟಿಮೀಟರಿಗಿಂತ ತೆಳ್ಳಗಿರಬೇಕು. ರಾತ್ರಿಯಿಡೀ ನಾಲ್ಕು ಡಿಗ್ರಿಯಲ್ಲಿ ನೆನೆಸಿ ಆಮೇಲೆ ಆಳವಾದ ಶೀತಲೀಕರಣಕ್ಕೆ ಒಯ್ಯಬೇಕು. ಅಡಿಕೆ ಜಗಿಯುವವರ ಕೆನ್ನೆಯೊಳಗೆ ನಾರು ತುಂಬಿಕೊಂಡು ಅಂಗಾಂಶ ತೊಗಲಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ಸಾಮಾನ್ಯ ವಿಧಾನದಲ್ಲಿ ಅರೆಯಲು ಆಗುವುದಿಲ್ಲ. ದ್ರವ ಸಾರಜನಕದಲ್ಲಿ ಗಡಸು ಮಾಡಿ ಪುಡಿ ಮಾಡುವ ಕ್ರಮಕ್ಕೆ ಬದಲಾಯಿಸಿಕೊಂಡ ಮೇಲೆ ಆರ್‌ಎನ್‌ಎಯ ಇಳುವರಿ ಸ್ಥಿರವಾಯಿತು.

ರೋಗಶಾಸ್ತ್ರ ವಿಭಾಗದ ಹಿರಿಯ ವೈದ್ಯೆಯೊಬ್ಬರು ಮೊದಲ ಮಾದರಿಗಳ ತೆಳುಕತ್ತರಿಕೆಗಳನ್ನು ಸೂಕ್ಷ್ಮದರ್ಶಕದಡಿ ತೋರಿಸುತ್ತಾ, ‘ನೀವು ಗೆಡ್ಡೆ ಅಂತ ಒಯ್ತಿರೋದ್ರಲ್ಲಿ ಅರ್ಧ ಸತ್ತ ಜೀವಕೋಶ, ಉಳಿದರ್ಧದಲ್ಲಿ ಸ್ನಾಯು ಬೇರೆ ಇದೆ ನೋಡಿ’ ಎಂದರು. ಅವರ ಮಾತನ್ನು ಚಿಪ್ಪೂ ದೃಢಪಡಿಸಿತು. ಪ್ರಾಯೋಗಿಕ ಸುತ್ತಿನ ಪಟ್ಟಿಯಲ್ಲಿ, ಗೆಡ್ಡೆಯಲ್ಲಿ ಅತಿ ಹೆಚ್ಚು ಇಳಿದ ಜೀನುಗಳೆಂದು ಮೇಲೆ ಬಂದದ್ದು ಕ್ರಿಯಾಟಿನ್ ಕೈನೇಸ್, ಡೆಸ್ಮಿನ್, ಮಯೋಸಿನ್ ಜೀನುಗಳು. ಇವೆಲ್ಲ ಸ್ನಾಯುವಿನ ಜೀನುಗಳು. ನಾಲಿಗೆ ಮತ್ತು ಕೆನ್ನೆಯ ಜೋಡಿ ಅಂಗಾಂಶವನ್ನು ಆಳವಾಗಿ ಕತ್ತರಿಸಿದ್ದರಿಂದ ಅದರಲ್ಲಿ ಸ್ನಾಯು ಇನ್ನೂ ಹೆಚ್ಚಾಗಿ ಬಂದಿತ್ತು, ಗೆಡ್ಡೆಯಲ್ಲಿ ಅಷ್ಟು ಬಂದಿರಲಿಲ್ಲ; ಕ್ಯಾನ್ಸರಿಗೂ ಆ ಇಳಿತಕ್ಕೂ ಸಂಬಂಧವಿರಲಿಲ್ಲ. ಎಷ್ಟೇ ದುಬಾರಿಯಾದ ಚಿಪ್ಪೂ ಇದನ್ನು ತಾನಾಗಿ ಸರಿಪಡಿಸಲಾರದು. ಅಂದಿನಿಂದ ಪ್ರತಿಯೊಂದು ತುಂಡಿನ ಎರಡೂ ತುದಿಗಳಿಂದ ಹೆಪ್ಪುಗಟ್ಟಿಸಿದ ತೆಳುಕತ್ತರಿಕೆ ತೆಗೆದು, ಗೆಡ್ಡೆಯ ಜೀವಕೋಶಗಳು ಮುಕ್ಕಾಲು ಪಾಲಿನಷ್ಟಾದರೂ ಇವೆ, ಜೋಡಿ ಅಂಗಾಂಶದಲ್ಲಿ ಒಳಪೊರೆ ಮಾತ್ರವಿದೆ ಎಂದು ಆ ವೈದ್ಯೆ ಬರೆದುಕೊಟ್ಟ ಮೇಲೆಯೇ ಆರ್‌ಎನ್‌ಎ ತೆಗೆದೆವು.

ಇದಾದರೂ ಒಂದು ಕೊರತೆ ಉಳಿಯಿತು. ವರ್ಷಗಟ್ಟಲೆ ಜಗಿದವರ ಬಾಯಿಯಲ್ಲಿ ಗೆಡ್ಡೆಯಿಂದ ದೂರದ ಒಳಪೊರೆಯೂ ಪೂರ್ತಿ ಆರೋಗ್ಯವಾಗಿರುವುದಿಲ್ಲ. ಇಡೀ ಪ್ರದೇಶವೇ ಬದಲಾಗಿರುತ್ತದೆ ಎಂಬುದನ್ನು ಡ್ಯಾನ್ಲಿ ಸ್ಲಾಟರ್ 1953ರಷ್ಟು ಹಿಂದೆಯೇ ಬರೆದಿದ್ದರು. ಜೋಡಿಯೊಳಗಿನ ಹೋಲಿಕೆ ಈ ಬದಲಾವಣೆಯನ್ನು ಮುಚ್ಚಿಡುತ್ತದೆ. ಆದ್ದರಿಂದ ಹೊಗೆಸೊಪ್ಪು, ಅಡಿಕೆ ಬಳಸದ, ಬುದ್ಧಿಹಲ್ಲು ತೆಗೆಸಿಕೊಳ್ಳಲು ಬಂದವರ ಒಪ್ಪಿಗೆ ಪಡೆದು, ಅವರ ವಸಡಿನ ಚಿಕ್ಕ ತುಣುಕುಗಳನ್ನು ಮೂರನೆಯ ಗುಂಪಾಗಿ ಸೇರಿಸಿಕೊಂಡೆವು.

ಆರ್‌ಎನ್‌ಎಯ ಗುಣವನ್ನು ಒಂದರಿಂದ ಹತ್ತರವರೆಗಿನ ಅಂಕದಲ್ಲಿ ಹೇಳುವ ಬಯೋಅನಲೈಸರ್ ಯಂತ್ರವನ್ನು ನಾವು ಬಾಗಿಲು ಕಾಯುವವನಂತೆ ನಿಲ್ಲಿಸಿದೆವು: ಏಳಕ್ಕಿಂತ ಕಡಿಮೆ ಅಂಕ ಬಂದ ಮಾದರಿಗೆ ಸ್ಲೈಡಿನಲ್ಲಿ ಜಾಗವಿಲ್ಲ. ಇದು ಎಲ್ಲರೂ ಮಾಡುವುದೇ. ನಾವು ಸೇರಿಸಿದ ಇನ್ನೊಂದು ನಿಯಮಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ: ಜೋಡಿಯ ಎರಡು ಅಂಕಗಳ ನಡುವೆ ದೊಡ್ಡ ಅಂತರವಿದ್ದರೆ, ಎರಡೂ ಏಳಕ್ಕಿಂತ ಮೇಲಿದ್ದರೂ ಆ ಜೋಡಿಯನ್ನು ಬದಿಗಿಡುವುದು. ಬಣ್ಣ ಹಚ್ಚುವ ಕ್ರಿಯೆ ಆರ್‌ಎನ್‌ಎಯ ಬಾಲದ ತುದಿಯಿಂದ ಆರಂಭವಾಗುತ್ತದೆ. ತುಂಡಾದ ಆರ್‌ಎನ್‌ಎಯಲ್ಲಿ ಬಾಲಕ್ಕೆ ಹತ್ತಿರದ ಭಾಗ ಮಾತ್ರ ಬಣ್ಣ ಪಡೆಯುತ್ತದೆ. ಆಗ ಬಾಲದಿಂದ ದೂರ ಕೂತ ಪ್ರೋಬ್‌ಗಳ ಜೀನುಗಳೆಲ್ಲ ಕೆಟ್ಟ ಮಾದರಿಯಲ್ಲಿ ಸುಮ್ಮನೆ ಇಳಿದಂತೆ ಕಾಣುತ್ತವೆ.

ಬಣ್ಣ ಹಚ್ಚುವಿಕೆಯನ್ನೂ ಹಾಗೆಯೇ ಅಳೆದು ಮುಂದೆ ಬಿಟ್ಟೆವು. ಬಣ್ಣ ಹಚ್ಚಿದ ಆರ್‌ಎನ್‌ಎ ನಕಲಿನ ಒಂದೊಂದು ಮೈಕ್ರೋಗ್ರಾಂಗೆ ಕನಿಷ್ಠ 6 ಪೀಕೋಮೋಲ್ ಸೈ3 ಇಲ್ಲದಿದ್ದರೆ ಮತ್ತೆ ಮೊದಲಿನಿಂದ ಮಾಡುವುದು ಎಂಬುದು ಕ್ರಮ. ಬಣ್ಣ ಹಚ್ಚುವ ಮೊದಲೇ ಮಾದರಿಗೆ ಬೆರೆಸುವ, ಅಡಿನೋವೈರಸ್‌ನಿಂದ ರೂಪಿಸಿದ ಹತ್ತು ಗೊತ್ತಿರುವ ಆರ್‌ಎನ್‌ಎಗಳು ಬೇರೆ ಬೇರೆ ಪ್ರಮಾಣದಲ್ಲಿರುತ್ತವೆ. ಅವುಗಳ ಹೊಳಪು ಪ್ರಮಾಣಕ್ಕೆ ತಕ್ಕಂತೆ ನೇರ ಗೆರೆಯಲ್ಲಿ ಏರಿದರೆ ರಾಸಾಯನಿಕ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಮಾದರಿಯನ್ನು 65 ಡಿಗ್ರಿಯ ಒಲೆಯಲ್ಲಿ 17 ಗಂಟೆ ತಿರುಗಿಸುವಾಗ ಪ್ರತಿಯೊಂದು ಅರೇಯೊಳಗೂ ಒಂದು ಗಾಳಿಗುಳ್ಳೆ ಓಡಾಡುತ್ತಾ ದ್ರವವನ್ನು ಕಲಕುತ್ತಿರಬೇಕು. ಗುಳ್ಳೆ ಒಂದೆಡೆ ಅಂಟಿಕೊಂಡರೆ ಆ ಜಾಗ ಕಪ್ಪಾಗಿ ಉಳಿಯುತ್ತದೆ. ಜೋಡಿಸಿದ ಕೂಡಲೇ ಕೈಯಲ್ಲಿ ಹಿಡಿದು ತಿರುಗಿಸಿ, ಎಂಟೂ ಗುಳ್ಳೆಗಳು ಚಲಿಸುತ್ತಿವೆಯೇ ಎಂದು ನೋಡಿ, ನಿಂತಿದ್ದರೆ ಮೆಲ್ಲಗೆ ತಟ್ಟಿ ಬಿಡಿಸುವುದು ಕೈಪಿಡಿಯಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಅದು ಎರಡನೆಯವರು ಸಾಕ್ಷಿಯಾಗಿ ನಿಂತು ನೋಡಿ ದಾಖಲಿಸಬೇಕಾದ ಹಂತವಾಯಿತು. ಸ್ಕ್ಯಾನರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎಲ್ಲ ಸ್ಲೈಡ್‌ಗಳಿಗೂ ಅದರ ಸೆಟ್ಟಿಂಗ್ ಒಂದೇ ಇರಲಿ ಎಂಬುದಷ್ಟೇ ನಮ್ಮ ಹಟವಾಗಿತ್ತು.

ಲೆಕ್ಕಾಚಾರಕ್ಕೆ ಬಂದಾಗ ಮೊದಲು ಮಾಡಿದ್ದು ಗುರುತಿನ ಪರೀಕ್ಷೆ. ಹೆಂಗಸರಲ್ಲಿ ಮಾತ್ರ ಜೋರಾಗಿ ಚಟುವಟಿಕೆಯಿಂದಿರುವ ಎಕ್ಸಿಸ್ಟ್ ಎಂಬ ಜೀನಿದೆ. ವೈ ಕ್ರೋಮೋಸೋಮಿನ ಆರ್‌ಪಿಎಸ್4ವೈ1 ಮುಂತಾದವು ಗಂಡಸರಲ್ಲಿ ಮಾತ್ರ ಹೊಳೆಯುತ್ತವೆ. ಪ್ರತಿಯೊಂದು ಅರೇ ಹೇಳುವ ಲಿಂಗವನ್ನು ಆಸ್ಪತ್ರೆಯ ದಾಖಲೆಗೆ ತಾಳೆ ನೋಡಿದರೆ ಅದಲುಬದಲಾದ ಮಾದರಿಗಳಲ್ಲಿ ಅನೇಕವು ಅಲ್ಲಿಯೇ ಸಿಕ್ಕಿಬೀಳುತ್ತವೆ. ಖರ್ಚೇ ಇಲ್ಲದ ಈ ಪರೀಕ್ಷೆಯನ್ನು ಬಿಡುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ ಪ್ರಕಟವಾಗಿದ್ದ, ಯಾವ ರೋಗಿಗೆ ಯಾವ ಔಷಧ ಎಂದು ಮೈಕ್ರೋಅರೇಯಿಂದ ಹೇಳುವ ಕೆಲಸವನ್ನು ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಮ್ಸ್ ಮರುಪರಿಶೀಲಿಸಿದಾಗ, ಜೀನುಗಳ ಪಟ್ಟಿ ಒಂದು ಸಾಲು ಜಾರಿರುವುದು, ಗುಂಪುಗಳ ಹೆಸರು ತಿರುವುಮುರುವಾಗಿರುವುದು ಕಂಡುಬಂತು. 2009ರಲ್ಲಿ ಅವರು ಅದನ್ನು ಪ್ರಕಟಿಸಿದ ಹೊತ್ತಿಗೆ ರೋಗಿಗಳ ಮೇಲೆ ಪರೀಕ್ಷೆಗಳು ನಡೆಯುತ್ತಿದ್ದವು. ಆ ಲೇಖನವನ್ನು ಓದಿದ ಮೇಲೆ ನಮ್ಮಲ್ಲಿ ಯಾರೂ ಕೋಷ್ಟಕದ ಸಾಲುಗಳನ್ನು ಕೈಯಿಂದ ನಕಲಿಸಿ ಅಂಟಿಸುವುದಿಲ್ಲ. ಹಸಿ ಕಡತದಿಂದ ಕೊನೆಯ ಪಟ್ಟಿಯವರೆಗೆ ಎಲ್ಲವೂ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಮಿನಲ್ಲಿ ನಡೆಯುತ್ತದೆ, ಮತ್ತು ಅದನ್ನು ಬರೆಯದವರೊಬ್ಬರು ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ಅದೇ ಉತ್ತರ ಪಡೆಯಬೇಕು.

ಲಿಮಾ ಎಂಬ ಉಚಿತ ತಂತ್ರಾಂಶದಲ್ಲಿ ರೋಗಿಯನ್ನೇ ಒಂದು ಅಂಶವಾಗಿ ಇಟ್ಟು ಜೋಡಿ ವಿಶ್ಲೇಷಣೆ ಮಾಡಿದೆವು. ಇಪ್ಪತ್ತು ಸಾವಿರ ಜೀನುಗಳನ್ನು ನೂರಕ್ಕೆ ಐದರ ಅಳತೆಗೋಲಿನಲ್ಲಿ ಪರೀಕ್ಷಿಸಿದರೆ ಏನೂ ವ್ಯತ್ಯಾಸವಿಲ್ಲದಿದ್ದರೂ ಸಾವಿರ ಜೀನುಗಳು ಆಕಸ್ಮಿಕವಾಗಿ ಪಟ್ಟಿಗೆ ಬರುತ್ತವೆ, ಹಾಗಾಗಿ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ಕೊಟ್ಟ ತಿದ್ದುಪಡಿಯನ್ನು ಅನ್ವಯಿಸಿದೆವು. ಪಟ್ಟಿಯ ಮೇಲ್ಭಾಗದಲ್ಲಿ ಬಂದವು ನಂಬುವಂಥವೇ ಆಗಿದ್ದವು: ಸುತ್ತಲಿನ ಅಂಗಾಂಶವನ್ನು ಕರಗಿಸುವ ಎಂಎಂಪಿ1 ಏರಿತ್ತು, ಲ್ಯಾಮಿನಿನ್ ಗುಂಪಿನ ಎಲ್‌ಎಎಂಸಿ2 ಏರಿತ್ತು, ಒಳಪೊರೆಯ ಸಹಜ ಕೆರಾಟಿನ್‌ಗಳಾದ ಕೆಆರ್‌ಟಿ4, ಕೆಆರ್‌ಟಿ13 ಇಳಿದಿದ್ದವು. ಬೇರೆ ದೇಶಗಳ ಅಧ್ಯಯನಗಳಲ್ಲಿಯೂ ಇವು ಕಂಡಿದ್ದವು.

ದೃಢೀಕರಣಕ್ಕೆ, ಒಂದೊಂದೇ ಜೀನಿನ ಆರ್‌ಎನ್‌ಎಯನ್ನು ಬೇರೆಯಾಗಿ ಅಳೆಯುವ ನೈಜಸಮಯದ ಪಿಸಿಆರ್ ಬಳಸುವಾಗ ಒಂದು ಎಚ್ಚರಿಕೆ ಬೇಕಾಯಿತು. ಎಲ್ಲರೂ ಅಳತೆಗಲ್ಲಾಗಿ ಬಳಸುವ ಜಿಎಪಿಡಿಎಚ್ ಗ್ಲೂಕೋಸ್ ಒಡೆಯುವ ದಾರಿಯ ಕಿಣ್ವ. ಗೆಡ್ಡೆಗಳಲ್ಲಿ ಆ ದಾರಿಯೇ ಚುರುಕಾಗಿರುವುದರಿಂದ ಅಳತೆಗಲ್ಲೇ ಅಲುಗುತ್ತದೆ. ನಮ್ಮ ಅರೇಗಳಲ್ಲಿಯೇ ಗೆಡ್ಡೆಗೂ ಜೋಡಿಗೂ ಬದಲಾಗದ ಜೀನುಗಳನ್ನು ಹುಡುಕಿ, ಅವುಗಳಲ್ಲಿ ಹಲವನ್ನು ಒಟ್ಟಿಗೆ ಬಳಸಿದೆವು.

ಕೆರಾಟಿನ್‌ಗಳ ವಿಷಯದಲ್ಲಿ ಮಾತ್ರ ಪಿಸಿಆರ್ ಮತ್ತು ಚಿಪ್ಪು ಒಪ್ಪಲಿಲ್ಲ. ಕೆಆರ್‌ಟಿ6ಎ, 6ಬಿ, 6ಸಿ ಎಂಬ ಮೂರು ಜೀನುಗಳ ಪಾಠ ಬಹುಮಟ್ಟಿಗೆ ಒಂದೇ. 60 ಅಕ್ಷರಗಳ ಪ್ರೋಬ್ ಒಂದೆರಡು ಅಕ್ಷರಗಳ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ ಎಂಬ, ನಾವು ಮೆಚ್ಚಿ ಆರಿಸಿದ್ದ ಗುಣವೇ ಇಲ್ಲಿ ತೊಡಕಾಯಿತು. ಒಂದರ ಪ್ರೋಬ್ ಮೂರರ ಆರ್‌ಎನ್‌ಎಯನ್ನೂ ಹಿಡಿಯುತ್ತಿತ್ತು. ನಮ್ಮದೇ ಚಿಪ್ಪು ಮಾಡಿಸಿಕೊಳ್ಳುವ ಅವಕಾಶವನ್ನು ಬಳಸಿದ್ದು ಈಗ. ಜೀನುಗಳ ಪಾಠ ಹೆಚ್ಚು ಭಿನ್ನವಾಗಿರುವ, ಬಾಲಕ್ಕೆ ಹತ್ತಿರದ ಪ್ರೋಟೀನಾಗದ ಭಾಗದಲ್ಲಿ ಹೊಸ ಪ್ರೋಬ್‌ಗಳನ್ನು ರೂಪಿಸಿ, ಪ್ರತಿಯೊಂದನ್ನೂ ಇಡೀ ಜೀನೋಮಿನ ಎದುರು ಹುಡುಕಾಡಿಸಿ, ಬೇರೆಲ್ಲೂ ಅಂಟದವುಗಳನ್ನು ಉಳಿಸಿಕೊಂಡೆವು. ಮುಖ್ಯ ಜೀನುಗಳಿಗೆ ಹಲವು ಪ್ರೋಬ್‌ಗಳನ್ನು, ಒಂದೊಂದು ಪ್ರೋಬಿನ ಹಲವು ಪ್ರತಿಗಳನ್ನು ಚಿಪ್ಪಿನ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟೆವು. ಗುಳ್ಳೆಯೋ ಗೀರೋ ಒಂದನ್ನು ಕೆಡಿಸಿದರೂ ಉಳಿದವು ಉತ್ತರ ಹೇಳುತ್ತವೆ. ಹಾಗಿದ್ದೂ ಕೆರಾಟಿನ್ ಗುಂಪಿನಲ್ಲಿ ಎಲ್ಲವನ್ನೂ ಬೇರ್ಪಡಿಸಲು ಆಗಲಿಲ್ಲ. ಆಗದವುಗಳನ್ನು ಗುಂಪಿನ ಹೆಸರಿನಲ್ಲಿಯೇ ವರದಿ ಮಾಡಿದೆವು.

ಮಾಹಿತಿಯನ್ನು ಸಾರ್ವಜನಿಕ ಭಂಡಾರವಾದ ಜಿಯೋಗೆ ಸಲ್ಲಿಸುವಾಗ, ಮೈಕ್ರೋಅರೇ ಪ್ರಯೋಗದ ಬಗ್ಗೆ ಕನಿಷ್ಠ ಏನೇನು ತಿಳಿಸಬೇಕೆಂದು ಹೇಳುವ, 2001ರಲ್ಲಿ ರೂಪುಗೊಂಡ ಮಿಯಾಮಿ ನಿಯಮಗಳು ಕೇಳುವ ವಿವರಗಳ ಜೊತೆಗೆ ಸ್ಲೈಡ್‌ನ ಸಂಖ್ಯೆ, ಸ್ಲೈಡ್‌ನೊಳಗಿನ ಮನೆ, ಬಣ್ಣ ಹಚ್ಚಿದ ದಿನ, ಎರಡೂ ಮಾದರಿಗಳ ಆರ್‌ಎನ್‌ಎ ಅಂಕ ಇವನ್ನೂ ಕೊಟ್ಟೆವು. ಬೇರೆಯವರ ಮಾಹಿತಿಯನ್ನು ಇಳಿಸಿಕೊಂಡು ನೋಡುವಾಗ ನನಗೆ ಯಾವಾಗಲೂ ಬೇಕೆನಿಸಿ ಸಿಗದೆ ಹೋಗುವ ವಿವರಗಳು ಇವೇ.

ಇಂದು ಜೀನ್ ಚಟುವಟಿಕೆಯ ಹೊಸ ಅಧ್ಯಯನಕ್ಕೆ ಯಾರಾದರೂ ಸಲಹೆ ಕೇಳಿದರೆ, ಆರ್‌ಎನ್‌ಎಯ ಅಕ್ಷರಗಳನ್ನೇ ಓದುವ ಆರ್‌ಎನ್‌ಎ ಸೀಕ್ವೆನ್ಸಿಂಗನ್ನೇ ಸೂಚಿಸುತ್ತೇನೆ. ಮೊದಲೇ ಗೊತ್ತಿರುವ ಜೀನುಗಳಿಗೆ ಅದು ಸೀಮಿತವಲ್ಲ, ಮತ್ತು ಒಂದು ಕಾಲಕ್ಕೆ ನಮ್ಮನ್ನು ತಡೆದಿದ್ದ ಅದರ ಬೆಲೆ ಈಗ ಬಹಳ ಇಳಿದಿದೆ. ಆದರೆ ಮೈಕ್ರೋಅರೇಯ ಕಾಲ ಮುಗಿಯಿತು ಎಂಬ ಮಾತನ್ನು ಒಪ್ಪುವುದಿಲ್ಲ. ಬೆಳವಣಿಗೆ ಕುಂಠಿತವಾದ ಮಕ್ಕಳಲ್ಲಿ ಕ್ರೋಮೋಸೋಮಿನ ಸೂಕ್ಷ್ಮ ಕೊರತೆಗಳನ್ನು ಹುಡುಕಲು ಅರೇಯನ್ನೇ ಮೊದಲ ಪರೀಕ್ಷೆಯಾಗಿ 2010ರಲ್ಲಿ ತಜ್ಞರು ಶಿಫಾರಸು ಮಾಡಿದರು; ಮೆದುಳಿನ ಗೆಡ್ಡೆಗಳನ್ನು ಡಿಎನ್‌ಎಗೆ ಅಂಟಿಕೊಂಡ ಮಿಥೈಲ್ ಎಂಬ ರಾಸಾಯನಿಕ ಗುರುತುಗಳಿಂದ ವಿಂಗಡಿಸುವ, 2018ರಲ್ಲಿ ಪ್ರಕಟವಾದ ವಿಧಾನವೂ ಅರೇಯ ಮೇಲೆಯೇ ನಿಂತಿದೆ. ಆರ್‌ಎನ್‌ಎ ಕೆಟ್ಟುಹೋಗಿದ್ದರಿಂದ ನಾವು ಕೈಬಿಟ್ಟಿದ್ದ, ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಅಂಗಾಂಶಗಳ ಡಿಎನ್‌ಎಯನ್ನೂ ಈ ಮಿಥೈಲ್ ಅರೇಗಳು ಓದಬಲ್ಲವು. ಈಗ ನಾವು ಮಾಡುತ್ತಿರುವ ಕೆಲಸ ಅದೇ. ಆ ಚಿಪ್ಪಿನಲ್ಲಿಯೂ ಎಂಟು ಮಾದರಿಗಳಿಗೆ ಜಾಗವಿದೆ, ಅದರಲ್ಲಿಯೂ ಸಾಲಿನಿಂದ ಸಾಲಿಗೆ ಹೊಳಪು ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಒಬ್ಬ ರೋಗಿಯ ಗೆಡ್ಡೆ ಮತ್ತು ಜೋಡಿ ಅಂಗಾಂಶ ಒಂದೇ ಚಿಪ್ಪಿನ ಮೇಲೆ, ಚೀಟಿ ಎತ್ತಿದ ಮನೆಗಳಲ್ಲಿ ಕೂರುತ್ತಿವೆ, ಪ್ರತಿಯೊಂದು ತಂಡದಲ್ಲಿಯೂ ಎರಡು ಮನೆಗಳು ಪ್ರಮಾಣಿತ ಡಿಎನ್‌ಎಗೆ ಮೀಸಲಾಗಿವೆ.